ನ್ಯುಮೋನಿಯಾದ ನಂತರ ಎಷ್ಟು ಚೇತರಿಸಿಕೊಂಡಿದ್ದೀರಿ? ನಿಮ್ಮ ಮಾತಿನಲ್ಲೇ ಅಳೆಯುವ ಕ್ರಮ

ನ್ಯುಮೋನಿಯಾಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರು ಮತ್ತು ಅವರ ಆರೈಕೆ ಮಾಡುವವರು ಕಳಿಸುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ‘ಜ್ವರ ಬಿಟ್ಟು ಮೂರು ವಾರವಾಯಿತು, ಸುಸ್ತು ಮಾತ್ರ ಹೋಗಿಲ್ಲ, ಇದು ಸಹಜವೇ?’ ‘ಎಕ್ಸ್-ರೇ ಪರವಾಗಿಲ್ಲ ಎನ್ನುತ್ತಾರೆ, ಆದರೆ ಅಪ್ಪನಿಗೆ ಮಹಡಿ ಹತ್ತಲು ಆಗುತ್ತಿಲ್ಲ.’ ‘ವಾಸಿಯಾಗುತ್ತಿದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಲು ದಾರಿ ಇದೆಯೇ?’

ದಾರಿ ಇದೆ. ಒಂದು ನೋಟ್‌ಬುಕ್ಕು, ದಿನಕ್ಕೆ ಐದು ನಿಮಿಷ, ಸ್ವಲ್ಪ ಶಿಸ್ತು ಸಾಕು. ಮರುತಪಾಸಣೆಯ ದಿನ ವೈದ್ಯರು ‘ಹೇಗಿದ್ದೀರಿ?’ ಎಂದು ಕೇಳುತ್ತಾರೆ, ನಾವು ‘ಪರವಾಗಿಲ್ಲ’ ಎನ್ನುತ್ತೇವೆ, ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಆ ಒಂದು ‘ಪರವಾಗಿಲ್ಲ’ದಲ್ಲಿ ಕೆಮ್ಮು, ಕಫ, ಏದುಸಿರು, ನಿದ್ರೆ ಎಲ್ಲವೂ ಮುಚ್ಚಿಹೋಗುತ್ತವೆ. ಇವು ಒಂದೇ ವೇಗದಲ್ಲಿ ವಾಸಿಯಾಗುವುದಿಲ್ಲ. ಆದ್ದರಿಂದ ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು, ಬೇರೆ ಬೇರೆಯಾಗಿ ಬರೆದಿಡಬೇಕು.

ರೋಗಿಯ ಮಾತಿಗೆ ಇಷ್ಟು ಬೆಲೆ ಏಕೆ?

ಎದೆಯ ಎಕ್ಸ್-ರೇಯಲ್ಲಿ ಕಾಣುವ ನೆರಳು ರೋಗಿ ಸುಧಾರಿಸಿದ ಮೇಲೂ ವಾರಗಟ್ಟಲೆ ಉಳಿಯಬಹುದು. ಐದರಿಂದ ಏಳು ದಿನಗಳಲ್ಲಿ ಲಕ್ಷಣಗಳು ಕಳೆದ ವಯಸ್ಕರಿಗೆ ರೂಢಿಯಂತೆ ಮತ್ತೊಂದು ಎಕ್ಸ್-ರೇ ಬೇಡ ಎಂದು ಅಮೆರಿಕದ ಶ್ವಾಸರೋಗ ಮತ್ತು ಸೋಂಕುರೋಗ ತಜ್ಞರ ಸಂಘಟನೆಗಳು 2019ರ ಮಾರ್ಗಸೂಚಿಯಲ್ಲಿ ಹೇಳಿವೆ. ಅಂದರೆ ‘ಲಕ್ಷಣ ಕಳೆಯಿತೇ?’ ಎಂಬ ಪ್ರಶ್ನೆಯೇ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ, ಮತ್ತು ಅದಕ್ಕೆ ಉತ್ತರ ಹೇಳಬಲ್ಲವರು ರೋಗಿ ಒಬ್ಬರೇ. ಎದೆನೋವನ್ನು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ವೈದ್ಯಕೀಯ ಸಂಶೋಧನೆಯಲ್ಲಿ ಇದನ್ನು ‘ರೋಗಿಯ ಸ್ವಯಂ ವರದಿ’ ಎನ್ನುತ್ತಾರೆ. ತನ್ನ ಸ್ಥಿತಿಯ ಬಗ್ಗೆ ರೋಗಿ ನೇರವಾಗಿ ಹೇಳಿದ್ದು, ವೈದ್ಯರಾಗಲಿ ಬೇರೆ ಯಾರೇ ಆಗಲಿ ವ್ಯಾಖ್ಯಾನ ಬೆರೆಸದೆ ದಾಖಲಾದದ್ದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2009ರಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಿತು. ನ್ಯುಮೋನಿಯಾಗೆ ಹೊಸ ಆ್ಯಂಟಿಬಯಾಟಿಕ್ ಬಂದಾಗ ಅದು ಕೆಲಸ ಮಾಡಿತೇ ಎಂದು ನೋಡಲು ಇದೇ ಸಂಸ್ಥೆ ರೋಗಿಯ ಮಾತನ್ನೇ ನೆಚ್ಚುತ್ತದೆ. ಎದೆನೋವು, ಕೆಮ್ಮು, ಕಫದ ಪ್ರಮಾಣ, ಉಸಿರಾಟದ ತೊಂದರೆ ಈ ನಾಲ್ಕರಲ್ಲಿ ಕನಿಷ್ಠ ಎರಡು, ಔಷಧ ಆರಂಭಿಸಿದ ಮೂರರಿಂದ ಐದು ದಿನಗಳಲ್ಲಿ ಸುಧಾರಿಸಿರಬೇಕು ಎಂಬುದು ಅದರ ಮಾನದಂಡ.

ಇದಕ್ಕೆಂದೇ ರೂಪಿಸಿದ ಪ್ರಶ್ನಾವಳಿಗಳೂ ಇವೆ. 2002ರಲ್ಲಿ ಪ್ರಕಟವಾದ ‘ಕ್ಯಾಪ್-ಸಿಮ್’ 18 ಲಕ್ಷಣಗಳನ್ನು ಹೆಸರಿಸಿ, ಕಳೆದ 24 ಗಂಟೆಗಳಲ್ಲಿ ಪ್ರತಿಯೊಂದೂ ಎಷ್ಟು ಕಾಡಿತು ಎಂದು ಕೇಳುತ್ತದೆ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಪ್ರಕಟಿಸಿದ ಇನ್ನೊಂದು ಪ್ರಶ್ನಾವಳಿಯಲ್ಲಿ ಎಂಟೇ ಪ್ರಶ್ನೆಗಳಿವೆ. ಅದು ಉಸಿರಾಟಕ್ಕೆ ಸಂಬಂಧಿಸಿದ ಅಂಕವನ್ನೂ ಒಟ್ಟಾರೆ ಆರಾಮದ ಅಂಕವನ್ನೂ ಬೇರೆಯಾಗಿ ನೋಡುತ್ತದೆ. ಹೀಗೆ ಬೇರ್ಪಡಿಸುವುದು ಎಷ್ಟು ಜಾಣತನ ಎಂಬುದು ಮುಂದೆ ತಿಳಿಯುತ್ತದೆ. ಕೆಳಗಿನ ಕ್ರಮ ಇವುಗಳ ತತ್ತ್ವವನ್ನು ಮನೆಬಳಕೆಗೆ ಒಗ್ಗಿಸಿಕೊಂಡದ್ದು. ಇದು ಆ ಪ್ರಶ್ನಾವಳಿಗಳ ಅನುವಾದವಲ್ಲ. ಇಲ್ಲಿ ಬರುವ ಅಂಕಗಳನ್ನು ಯಾವುದೇ ಅಧ್ಯಯನದ ಅಂಕಗಳೊಂದಿಗೆ ಹೋಲಿಸಲು ಹೋಗಬೇಡಿ.

ಬೇಕಾಗುವುದು

ಒಂದು ನೋಟ್‌ಬುಕ್ಕು, ಪೆನ್ನು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಥರ್ಮಾಮೀಟರ್, ಆಸ್ಪತ್ರೆಯಲ್ಲಿ ಕೊಟ್ಟ ಬಿಡುಗಡೆ ಪತ್ರ (ಡಿಸ್ಚಾರ್ಜ್ ಸಮ್ಮರಿ). ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊರತೆಗೆಯಿರಿ, ಇಲ್ಲದಿದ್ದರೂ ನಡೆಯುತ್ತದೆ. ಮೊಬೈಲ್‌ನಲ್ಲಿ ಬರೆದಿಡಬಾರದೇ ಎಂದು ಕೇಳುವವರಿದ್ದಾರೆ. ಬರೆದಿಡಬಹುದು. ಆದರೆ ವೈದ್ಯರ ಮುಂದೆ ತೆರೆದಿಡಲು ಒಂದು ಹಾಳೆಯಷ್ಟು ಅನುಕೂಲ ಬೇರೊಂದಿಲ್ಲ.

ಹಂತ 1: ಎಣಿಕೆ ಯಾವ ದಿನದಿಂದ?

ಹೆಚ್ಚಿನವರು ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಎಣಿಸುತ್ತಾರೆ. ಸರಿಯಾದ ಎಣಿಕೆ ಆ್ಯಂಟಿಬಯಾಟಿಕ್ ಆರಂಭವಾದ ದಿನದಿಂದ. ಅದು ಬಿಡುಗಡೆ ಪತ್ರದಲ್ಲೋ ಮೊದಲ ಚೀಟಿಯಲ್ಲೋ ಇರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಆ ದಿನಾಂಕ, ಔಷಧದ ಹೆಸರು, ಎಷ್ಟು ದಿನ ಕೊಟ್ಟರು ಎಂಬುದನ್ನು ಬರೆಯಿರಿ. ಔಷಧದ ಹೆಸರು ಏಕೆ ಎಂದು ಏಳನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಕಾಯಿಲೆಗೆ ಮೊದಲು ಹೇಗಿದ್ದಿರಿ?

ಬಹುಪಾಲು ಜನ ಬಿಟ್ಟುಬಿಡುವ ಹಂತ ಇದು. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದಲ್ಲಿ ಅತಿ ಮುಖ್ಯವಾದ ಪುಟವೂ ಇದೇ. ಮೂವತ್ತು ವರ್ಷ ಬೀಡಿ ಸೇದಿದವರಿಗೆ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು ಬರುವುದು ಹೊಸತಲ್ಲ. ಅಸ್ತಮಾ ಇದ್ದವರಿಗೆ ಚಳಿಗಾಲದಲ್ಲಿ ಉಬ್ಬಸ ಹೊಸತಲ್ಲ. ಇವರ ಗುರಿ ಸೊನ್ನೆ ಅಲ್ಲ, ತಮ್ಮ ಹಿಂದಿನ ಸ್ಥಿತಿ. ಇನ್ನೊಂದು ಕಡೆ, 70 ವರ್ಷದವರಾದರೂ ದಿನಾ ತೋಟ ಸುತ್ತಿ ಬರುತ್ತಿದ್ದವರು ಈಗ ಅಂಗಳದವರೆಗೆ ಮಾತ್ರ ಹೋಗುತ್ತಿದ್ದರೆ ‘ವಯಸ್ಸಾಯಿತು’ ಎಂದು ತಳ್ಳಿಹಾಕುವಂತಿಲ್ಲ.

ಕಾಯಿಲೆಗೆ ಒಂದು ತಿಂಗಳ ಮೊದಲಿನ ಮಾಮೂಲಿ ದಿನವನ್ನು ನೆನಪಿಸಿಕೊಂಡು ಬರೆಯಿರಿ. ಕೆಮ್ಮು ಇತ್ತೇ, ಕಫ ಬರುತ್ತಿತ್ತೇ, ರಾತ್ರಿ ನಿದ್ರೆ ಹೇಗಿತ್ತು. ನಂತರ ನಿಮ್ಮ ಬದುಕಿನದೇ ಮೂರು ಕೆಲಸಗಳನ್ನು ಆರಿಸಿ. ಬಸ್ ನಿಲ್ದಾಣದವರೆಗೆ ನಿಲ್ಲದೆ ನಡೆಯುವುದು, ಹತ್ತು ಜೋಳದ ರೊಟ್ಟಿ ಒಂದೇ ಸಲಕ್ಕೆ ಬಡಿಯುವುದು, ಬಾವಿಯಿಂದ ಎರಡು ಕೊಡ ನೀರು ತರುವುದು, ಅರ್ಧ ಗಂಟೆ ಪಾಠ ಮಾಡುವುದು, ದೇವಸ್ಥಾನದ ಮೆಟ್ಟಿಲು ಹತ್ತುವುದು, ಯಾವುದಾದರೂ ಸರಿ. ‘ಮನೆಗೆಲಸ’ ಎಂದು ಮೊಗಮ್ಮಾಗಿ ಬರೆದರೆ ಪ್ರಯೋಜನವಿಲ್ಲ. ಎಷ್ಟು, ಎಲ್ಲಿಯವರೆಗೆ, ಕೂರದೆಯೋ ಕೂತೋ ಎಂಬುದು ಇರಲಿ.

ಈ ಪುಟವನ್ನು ಇಂದೇ ಬರೆಯಿರಿ. ಎರಡು ತಿಂಗಳ ನಂತರ ನೆನಪು ಎರಡು ರೀತಿ ಮೋಸ ಮಾಡುತ್ತದೆ. ಕೆಲವರಿಗೆ ಕಾಯಿಲೆಗೆ ಮೊದಲಿನ ದಿನಗಳೆಲ್ಲ ಬಂಗಾರವಾಗಿ ಕಾಣುತ್ತವೆ. ಇನ್ನು ಕೆಲವರು ಹೊಸ ದೌರ್ಬಲ್ಯಕ್ಕೆ ಹೊಂದಿಕೊಂಡು, ‘ನಾನು ಮೊದಲಿನಿಂದಲೂ ಹೀಗೇ’ ಎನ್ನತೊಡಗುತ್ತಾರೆ. ಎರಡನೆಯವರೇ ಹೆಚ್ಚು ಅಪಾಯದಲ್ಲಿರುವವರು. ಅವರ ಅಂಕಗಳು ಚೆನ್ನಾಗಿ ಕಾಣುತ್ತವೆ, ಆದರೆ ತೋಟಕ್ಕೆ ಹೋಗುವುದು ನಿಂತೇ ಹೋಗಿರುತ್ತದೆ.

ಹಂತ 3: ಪ್ರಶ್ನೆಗಳು ಮತ್ತು ಅಂಕಗಳು

ಪುಟಕ್ಕೆ ಅಡ್ಡಲಾಗಿ ದಿನಾಂಕ, ಉದ್ದಕ್ಕೆ ಲಕ್ಷಣ. ಮೊದಲ ಐದು ಸಾಲು ಕಡ್ಡಾಯ: ಕೆಮ್ಮು, ಕಫ, ಏದುಸಿರು, ಎದೆನೋವು, ಸುಸ್ತು. ಅವುಗಳ ಕೆಳಗೆ ಚಳಿ ಮತ್ತು ಬೆವರು, ಹಸಿವು ಇಲ್ಲದಿರುವುದು, ನಿದ್ರೆ ಕೆಡುವುದು, ಗಮನ ನಿಲ್ಲದಿರುವುದು. ಇದಕ್ಕಿಂತ ಹೆಚ್ಚು ಸಾಲು ಬೇಡ. ಪಟ್ಟಿ ಬೆಳೆದಷ್ಟೂ ನಾಲ್ಕನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ.

ಪ್ರತಿಯೊಂದಕ್ಕೂ ಪ್ರಶ್ನೆ ಒಂದೇ: ‘ಕಳೆದ 24 ಗಂಟೆಗಳಲ್ಲಿ ಇದು ಎಷ್ಟು ಕಾಡಿತು?’ ಉತ್ತರಕ್ಕೆ ಆರು ಮೆಟ್ಟಿಲು.

0 – ಇರಲೇ ಇಲ್ಲ
1 – ಇತ್ತು, ಆದರೆ ಕಾಡಲಿಲ್ಲ
2 – ಸ್ವಲ್ಪ ಕಾಡಿತು
3 – ಸಾಕಷ್ಟು ಕಾಡಿತು
4 – ತುಂಬಾ ಕಾಡಿತು
5 – ತಡೆಯಲಾರದಷ್ಟು ಕಾಡಿತು

ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸವನ್ನು ರೋಗಿಗೆ ಮೊದಲ ದಿನವೇ ಬಿಡಿಸಿ ಹೇಳಿ. ದಿನಕ್ಕೆ ನಾಲ್ಕು ಸಲ ಕೆಮ್ಮು ಬಂದು, ಅದರಿಂದ ನಿದ್ರೆಗೂ ಮಾತಿಗೂ ಏನೂ ತೊಂದರೆಯಾಗದಿದ್ದರೆ ಅದು 1. ಕೆಮ್ಮೇ ಬರಲಿಲ್ಲವಾದರೆ 0. ಕೊನೆಯ ವಾರಗಳಲ್ಲಿ ಎಲ್ಲ ಆಟವೂ ಈ ಎರಡು ಅಂಕಗಳ ನಡುವೆಯೇ ನಡೆಯುವುದರಿಂದ, ಇಲ್ಲಿ ಗೊಂದಲವಾದರೆ ನಿಜವಾಗಿ ಪೂರ್ತಿ ವಾಸಿಯಾದದ್ದು ಯಾವಾಗ ಎಂದು ತಿಳಿಯುವುದೇ ಇಲ್ಲ.

ಪ್ರಶ್ನೆ ಕೇಳುವ ಧಾಟಿಯ ಬಗ್ಗೆ ಎಚ್ಚರ. ‘ಇವತ್ತು ಕೆಮ್ಮು ಕಡಿಮೆ ಇದೆ ಅಲ್ಲವಾ ಅಮ್ಮ?’ ಎಂದು ಕೇಳಿದರೆ ಯಾವ ತಾಯಿಯೂ ಇಲ್ಲ ಎನ್ನುವುದಿಲ್ಲ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟ ಹಾಗಾಯಿತು. ಬರೆದಿಟ್ಟ ವಾಕ್ಯವನ್ನೇ ದಿನವೂ ಓದಿ. ಬೇಸರವಾದರೂ ಪದ ಬದಲಿಸಬೇಡಿ.

ಏದುಸಿರನ್ನೂ ಸುಸ್ತನ್ನೂ ಒಂದೇ ಸಾಲಿಗೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಮೆಟ್ಟಿಲು ಹತ್ತುವಾಗ ನಿಂತದ್ದು ಉಸಿರು ಸಿಗದೆಯೋ ಕಾಲಲ್ಲಿ ಶಕ್ತಿ ಇಲ್ಲದೆಯೋ ಎಂದು ಕೇಳಿ. ಮೊದಲನೆಯದು ಶ್ವಾಸಕೋಶ ಅಥವಾ ಹೃದಯದ ಕಡೆ ಬೆರಳು ತೋರುತ್ತದೆ. ಎರಡನೆಯದು ಹಾಸಿಗೆ ಹಿಡಿದದ್ದರಿಂದ ಸ್ನಾಯು ಕರಗಿದ್ದಿರಬಹುದು, ಊಟ ಸಾಲದೆ ಇರಬಹುದು. ವೈದ್ಯರು ಎರಡಕ್ಕೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ಹಂತ 4: ಏದುಸಿರಿಗೆ ಇನ್ನೊಂದು ಅಳತೆ

ಐದು ಸಾಲುಗಳಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಏದುಸಿರು. ಕಾರಣ ಸರಳ: ಉಸಿರು ಕಟ್ಟುವ ಕೆಲಸವನ್ನು ಜನ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಮಹಡಿ ಮೇಲಿನ ಕೋಣೆಯಲ್ಲಿ ಮಲಗುತ್ತಿದ್ದವರು ಕೆಳಗೆ ಹಾಸಿಗೆ ಹಾಕಿಸಿಕೊಳ್ಳುತ್ತಾರೆ, ಹಾಲು ತರಲು ಮೊಮ್ಮಗನನ್ನು ಕಳಿಸುತ್ತಾರೆ, ನಿಂತು ಮಾಡುತ್ತಿದ್ದ ಸ್ನಾನ ಸ್ಟೂಲಿನ ಮೇಲಾಗುತ್ತದೆ. ಆಮೇಲೆ ‘ಏದುಸಿರು ಎಷ್ಟು?’ ಎಂದರೆ ‘ಇಲ್ಲವೇ ಇಲ್ಲ, ಸೊನ್ನೆ’ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಕೆಲಸವೇ ಇಲ್ಲದಿದ್ದಾಗ ಏದುಸಿರು ಎಲ್ಲಿಂದ ಬರಬೇಕು?

ಆದ್ದರಿಂದ ವಾರಕ್ಕೊಮ್ಮೆ ಈ ಐದು ದರ್ಜೆಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂದು ಗುರುತಿಸಿ. ಶ್ವಾಸರೋಗ ತಜ್ಞರು ಪ್ರಪಂಚದಾದ್ಯಂತ ಬಳಸುವ ಎಂಎಂಆರ್‌ಸಿ ಎಂಬ ಅಳತೆಗೋಲಿನ ಸಾರ ಇದು.

ದರ್ಜೆ 0 – ಬಹಳ ಶ್ರಮದ ಕೆಲಸದಲ್ಲಿ ಮಾತ್ರ ಏದುಸಿರು.
ದರ್ಜೆ 1 – ಸಮತಟ್ಟಿನಲ್ಲಿ ಬಿರಬಿರನೆ ನಡೆದರೆ ಅಥವಾ ಸಣ್ಣ ಏರು ಹತ್ತಿದರೆ.
ದರ್ಜೆ 2 – ಓರಗೆಯವರಷ್ಟು ವೇಗವಾಗಿ ನಡೆಯಲು ಆಗುವುದಿಲ್ಲ, ಅಥವಾ ನಿಮ್ಮದೇ ನಡಿಗೆಯಲ್ಲೂ ನಿಂತು ಉಸಿರು ತೆಗೆದುಕೊಳ್ಳಬೇಕು.
ದರ್ಜೆ 3 – ಸಮತಟ್ಟಿನಲ್ಲೇ ಸುಮಾರು 100 ಮೀಟರ್ ಅಥವಾ ಕೆಲವು ನಿಮಿಷ ನಡೆಯುವಷ್ಟರಲ್ಲಿ ನಿಲ್ಲಬೇಕು.
ದರ್ಜೆ 4 – ಮನೆಯಿಂದ ಹೊರಡಲಾಗದಷ್ಟು, ಅಥವಾ ಬಟ್ಟೆ ತೊಡುವಾಗಲೂ ಏದುಸಿರು.

ಇದರ ಜೊತೆಗೆ ಎರಡನೇ ಹಂತದಲ್ಲಿ ಬರೆದ ಮೂರು ಕೆಲಸಗಳ ಮುಂದೆ ಒಂದು ಗುರುತು ಹಾಕಿ: ಮಾಡಿದೆ, ನಿಂತು ನಿಂತು ಮಾಡಿದೆ, ಮಾಡಲಾಗಲಿಲ್ಲ, ಮಾಡಲು ಹೋಗಲೇ ಇಲ್ಲ. ಈ ನಾಲ್ಕನೆಯ ಉತ್ತರಕ್ಕೆ ಜಾಗ ಇರಲೇಬೇಕು. ಮೇಲೆ ಹೇಳಿದ ಸುಳ್ಳು ಸೊನ್ನೆ ಸಿಕ್ಕಿಬೀಳುವುದು ಅಲ್ಲಿಯೇ.

ಮನೆಯ ಹೆಂಗಸರ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ. ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಒಲೆಯ ಮುಂದೆ ನಿಂತಿರುತ್ತಾರೆ, ಬೇರೆ ಯಾರೂ ಇಲ್ಲ ಎಂಬ ಕಾರಣಕ್ಕೆ. ‘ಅಡುಗೆ ಮಾಡುತ್ತಿದ್ದಾಳೆ, ವಾಸಿಯಾಗಿದೆ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಇವರಿಗೆ ಕೇಳಬೇಕಾದ ಪ್ರಶ್ನೆ ‘ಮಾಡಿದಿರಾ?’ ಅಲ್ಲ, ‘ಮಾಡುವಾಗ ಎಷ್ಟು ಸಲ ಕೂತಿರಿ, ಮಾಡಿದ ಮೇಲೆ ಎಷ್ಟು ಹೊತ್ತು ಮಲಗಬೇಕಾಯಿತು?’

ಹಂತ 5: ಯಾರು, ಯಾವಾಗ, ಎಷ್ಟು ದಿನಕ್ಕೊಮ್ಮೆ?

ಹೊತ್ತು ಒಂದೇ ಇರಲಿ. ರಾತ್ರಿ ಊಟಕ್ಕೆ ಮುಂಚೆ ಅನುಕೂಲ. ಒಂದು ದಿನ ಬೆಳಗಿನ ಕೆಮ್ಮಿನ ಹೊತ್ತಿನಲ್ಲಿ, ಇನ್ನೊಂದು ದಿನ ಮಧ್ಯಾಹ್ನ ನಿದ್ರೆಯಾದ ಮೇಲೆ ಬರೆದರೆ ಅಂಕ ಏರಿಳಿದದ್ದು ಕಾಯಿಲೆಯಿಂದಲೋ ಹೊತ್ತಿನಿಂದಲೋ ತಿಳಿಯುವುದಿಲ್ಲ. ಮೊದಲ ಎರಡು ವಾರ ದಿನವೂ, ಆರನೇ ವಾರದವರೆಗೆ ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಸಾಕು. ವಾರಕ್ಕೊಮ್ಮೆ ಬರೆಯುವಾಗಲೂ ಕೇಳಬೇಕಾದದ್ದು ಕಳೆದ 24 ಗಂಟೆಗಳ ಬಗ್ಗೆಯೇ. ಇಡೀ ವಾರದ ಸರಾಸರಿಯನ್ನು ಮನಸ್ಸಿನಲ್ಲೇ ತೆಗೆಯಲು ಯಾರಿಂದಲೂ ಆಗದು.

ಹಿಂದಿನ ದಿನದ ಅಂಕವನ್ನು ಮುಚ್ಚಿಟ್ಟು ಬರೆಯಿರಿ. ನಿನ್ನೆ 3 ಎಂದು ಕಂಡರೆ ಇಂದು ತಾನಾಗಿ 2 ಎಂದು ಬಾಯಿಗೆ ಬರುತ್ತದೆ.

ಉತ್ತರ ರೋಗಿಯದೇ ಆಗಿರಬೇಕು. ಓದು ಬಾರದವರಿಗೆ ಪ್ರಶ್ನೆ ಓದಿ ಹೇಳಿ, ಬೆರಳುಗಳಲ್ಲಿ ತೋರಿಸಲು ಹೇಳಿ. ಮುಷ್ಟಿ ಹಿಡಿದರೆ ಸೊನ್ನೆ, ಅಂಗೈ ಪೂರ್ತಿ ಬಿಚ್ಚಿದರೆ ಐದು. ಮಗಳೋ ಸೊಸೆಯೋ ‘ಅವರಿಗೆ ಗೊತ್ತಾಗುವುದಿಲ್ಲ, ನಾನು ಹೇಳುತ್ತೇನೆ’ ಎಂದು ಅಂಕ ತುಂಬುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಆಗ ಅದು ಬೇರೆಯವರ ಅಂದಾಜು. ನೋಡಿಕೊಳ್ಳುವವರು ಕಂಡದ್ದಕ್ಕೂ ಬೆಲೆ ಇದೆ, ಅದಕ್ಕೆ ಪುಟದ ಅಂಚಿನಲ್ಲಿ ಬೇರೆ ಜಾಗ ಕೊಡಿ. ಎರಡು ತುತ್ತು ಊಟ ಬಿಟ್ಟರು, ಹಗಲು ಮೂರು ಗಂಟೆ ಮಲಗಿದರು, ಶೌಚಾಲಯಕ್ಕೆ ಗೋಡೆ ಹಿಡಿದು ಹೋದರು, ಹೀಗೆ ಕಣ್ಣಿಗೆ ಕಂಡದ್ದು ಮಾತ್ರ ಇರಲಿ. ಮರೆವಿನ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ ಈ ಅಂಚಿನ ಬರಹವೇ ಮುಖ್ಯವಾಗುತ್ತದೆ. ನೋವು ಎಷ್ಟಿದೆ ಎಂದು ಊಹಿಸಿ ಅಂಕ ಹಾಕಬೇಡಿ.

ಅಂಕಗಳು ಇನ್ನೂ ಎರಡು ಕಾರಣಕ್ಕೆ ಕೆಡುತ್ತವೆ. ಡಾಕ್ಟರಿಗೆ ಬೇಸರವಾಗಬಾರದು, ಮಕ್ಕಳಿಗೆ ಚಿಂತೆಯಾಗಬಾರದು ಎಂದು ಕಡಿಮೆ ಹೇಳುವವರು ಒಂದು ಕಡೆ. ರಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕಾದ ವಾರದಲ್ಲಿ ಸುಸ್ತು ಇದ್ದಕ್ಕಿದ್ದಂತೆ 5 ಆಗುವವರು ಇನ್ನೊಂದು ಕಡೆ. ಈ ಪುಸ್ತಕವನ್ನು ಯಾರೂ ಪರೀಕ್ಷೆಯ ಪತ್ರಿಕೆಯಂತೆ ತಿದ್ದುವುದಿಲ್ಲ ಎಂದು ಮೊದಲೇ ಹೇಳಿಡಿ.

ಹಂತ 6: ಪಕ್ಕದಲ್ಲಿ ಮೂರು ಅಳತೆಗಳು

ಜ್ವರ, ನಿಮಿಷಕ್ಕೆ ಉಸಿರಿನ ಸಂಖ್ಯೆ, ಆಕ್ಸಿಮೀಟರ್ ಇದ್ದರೆ ಆಮ್ಲಜನಕದ ಪ್ರಮಾಣ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಎಣಿಸುತ್ತಿದ್ದೀರಿ ಎಂದು ರೋಗಿಗೆ ತಿಳಿಯದಿದ್ದರೆ ಒಳ್ಳೆಯದು. ಆರಾಮವಾಗಿ ಕುಳಿತಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 12ರಿಂದ 20. ಆಕ್ಸಿಮೀಟರ್ ಹಾಕುವ ಬೆರಳಿನ ಉಗುರುಬಣ್ಣ ತೆಗೆಯಿರಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಮೈಬಣ್ಣ ಕಪ್ಪಾಗಿರುವವರಲ್ಲಿ ಈ ಸಾಧನ ಇರುವುದಕ್ಕಿಂತ ತುಸು ಹೆಚ್ಚು ತೋರಿಸಬಹುದು. ಹಾಗಾಗಿ ಅಂಕಿ ಚೆನ್ನಾಗಿದ್ದು ರೋಗಿ ಏದುಸಿರು ಬಿಡುತ್ತಿದ್ದರೆ ನಂಬಬೇಕಾದದ್ದು ರೋಗಿಯನ್ನು.

ಹಂತ 7: ಓದುವುದು ಹೇಗೆ?

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ನ್ಯುಮೋನಿಯಾ ರೋಗಿಗಳಿಗೆ ತಿಳಿಹೇಳಲೆಂದು ವೈದ್ಯರಿಗೆ ಕೊಟ್ಟ ಕಾಲಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಚಿಕಿತ್ಸೆ ಆರಂಭವಾದ ದಿನದಿಂದ ಲೆಕ್ಕ:

1 ವಾರ – ಜ್ವರ ಹೋಗಿರಬೇಕು.
4 ವಾರ – ಎದೆನೋವು, ಕಫ ಬಹಳಷ್ಟು ಕಡಿಮೆಯಾಗಿರಬೇಕು.
6 ವಾರ – ಕೆಮ್ಮು, ಏದುಸಿರು ಬಹಳಷ್ಟು ಕಡಿಮೆಯಾಗಿರಬೇಕು.
3 ತಿಂಗಳು – ಹೆಚ್ಚಿನ ಲಕ್ಷಣಗಳು ಹೋಗಿರುತ್ತವೆ, ಸುಸ್ತು ಇನ್ನೂ ಇರಬಹುದು.
6 ತಿಂಗಳು – ಬಹುಪಾಲು ಜನ ಮೊದಲಿನಂತಾಗಿರುತ್ತಾರೆ.

ಮೂರು ವಾರಕ್ಕೇ ‘ಇನ್ನೂ ಸುಸ್ತು’ ಎಂದು ಕಂಗಾಲಾಗುವವರಿಗೆ ಈ ಪಟ್ಟಿ ಧೈರ್ಯ ಕೊಡುತ್ತದೆ. ಎರಡು ವಾರಕ್ಕೂ ಜ್ವರ ಇದ್ದು ‘ನಿಧಾನಕ್ಕೆ ಹೋಗುತ್ತದೆ ಬಿಡಿ’ ಎನ್ನುವವರನ್ನು ಎಚ್ಚರಿಸುತ್ತದೆ. ಕಾಯಿಲೆ ತೀವ್ರವಾಗಿದ್ದವರಿಗೆ, ಐಸಿಯುನಲ್ಲಿದ್ದವರಿಗೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. 58 ವರ್ಷದ ಒಬ್ಬ ದರ್ಜಿಯ ಪುಸ್ತಕ ಎಂದು ಕಲ್ಪಿಸಿಕೊಳ್ಳಿ.

3ನೇ ದಿನ: ಕೆಮ್ಮು 4, ಕಫ 3, ಏದುಸಿರು 4, ಎದೆನೋವು 4, ಸುಸ್ತು 5
7ನೇ ದಿನ: ಕೆಮ್ಮು 4, ಕಫ 4, ಏದುಸಿರು 3, ಎದೆನೋವು 2, ಸುಸ್ತು 4
14ನೇ ದಿನ: ಕೆಮ್ಮು 3, ಕಫ 2, ಏದುಸಿರು 2, ಎದೆನೋವು 1, ಸುಸ್ತು 4
28ನೇ ದಿನ: ಕೆಮ್ಮು 2, ಕಫ 1, ಏದುಸಿರು 1, ಎದೆನೋವು 0, ಸುಸ್ತು 3

ಮೊದಲ ವಾರ ಕೆಮ್ಮು ಜಗ್ಗಲೇ ಇಲ್ಲ, ಕಫವಂತೂ ಒಂದು ಅಂಕ ಏರಿತು. ಜ್ವರ ಬಿಟ್ಟಿದ್ದು, ಏದುಸಿರು ಮತ್ತು ನೋವು ಇಳಿಯುತ್ತಿದ್ದುದರಿಂದ ಗಾಬರಿಯಾಗುವ ಕಾರಣವಿಲ್ಲ. 28ನೇ ದಿನಕ್ಕೆ ನೋವು ಮತ್ತು ಕಫ ಕಾಲಪಟ್ಟಿಗೆ ಸರಿಹೊಂದಿವೆ. ಕೆಮ್ಮಿಗೆ ಇನ್ನೂ ಎರಡು ವಾರ ಸಮಯವಿದೆ. ಸುಸ್ತು ಎಲ್ಲಕ್ಕಿಂತ ಹಿಂದೆ ಉಳಿದಿದೆ, ಅದರ ಸ್ವಭಾವವೇ ಹಾಗೆ.

ಈಗ ಐದನ್ನೂ ಕೂಡಿಸಬೇಕು ಎಂದು ಕೈ ತುರಿಸುತ್ತದೆ. ಕೂಡಿಸಬೇಡಿ. 14ನೇ ದಿನ ದರ್ಜಿಯ ಮೊತ್ತ 12. ಅದೇ ದಿನ ಇನ್ನೊಬ್ಬರ ಪುಟದಲ್ಲಿ ಕೆಮ್ಮು 1, ಕಫ 1, ಏದುಸಿರು 4, ಎದೆನೋವು 4, ಸುಸ್ತು 2 ಇದ್ದರೆ ಅದೂ 12. ದರ್ಜಿ ಮನೆಯಲ್ಲಿ ವಿಶ್ರಾಂತಿ ಪಡೆಯಬಹುದು. ಎರಡನೆಯವರು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶದ ಸುತ್ತ ನೀರೋ ಕೀವೋ ತುಂಬಿರಬಹುದು, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ನಾಳಕ್ಕೆ ಸಿಕ್ಕಿರಬಹುದು.

ಒಂದೇ ದಿನದ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ನೆಂಟರು ಬಂದರು, ಮಾತು ಜಾಸ್ತಿಯಾಯಿತು, ಕೆಮ್ಮು ಒಂದು ಅಂಕ ಏರಿತು, ಅಷ್ಟೇ. ಸತತ ಮೂರು ದಿನ ಒಂದೇ ಸಾಲು ಏರುತ್ತಿದ್ದರೆ ಅದು ಸುದ್ದಿ. ವಾಸಿಯಾಗುತ್ತಿದ್ದ ದಾರಿಯಲ್ಲಿ ಬಿಟ್ಟಿದ್ದ ಜ್ವರ ಮತ್ತೆ ಬಂದರೆ ಮೂರು ದಿನವೂ ಕಾಯಬೇಡಿ.

ಕ್ಷಯ ನಮ್ಮಲ್ಲಿ ಮರೆಯಬಾರದ ಮಾತು. ಎರಡು ವಾರ ದಾಟಿದ ಕೆಮ್ಮಿನ ಜೊತೆಗೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ, ಮಾಹಿತಿಗೆ ನಿಕ್ಷಯ್ ಸಹಾಯವಾಣಿ 1800-11-6666. ನ್ಯುಮೋನಿಯಾಗೆ ಕೊಡುವ ಲೆವೊಫ್ಲಾಕ್ಸಾಸಿನ್‌ನಂಥ ಔಷಧಗಳು ಕ್ಷಯವನ್ನೂ ತಾತ್ಕಾಲಿಕವಾಗಿ ಅದುಮಿಡುತ್ತವೆ. ಆಗ ಅಂಕಗಳು ಚೆಂದವಾಗಿ ಇಳಿದು, ಔಷಧ ನಿಂತ ಕೆಲವು ವಾರಗಳಲ್ಲಿ ಮತ್ತೆ ಏರುತ್ತವೆ. ಮೊದಲ ಪುಟದಲ್ಲಿ ಔಷಧದ ಹೆಸರು ಬರೆಯಿರಿ ಎಂದದ್ದು ಇದಕ್ಕೇ.

ಪುಸ್ತಕ ಮುಚ್ಚಿ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು

ಕುಳಿತಲ್ಲೇ ಏದುಸಿರು, ಒಂದು ವಾಕ್ಯ ಪೂರ್ತಿ ಆಡಲು ಆಗದಿರುವುದು, ತುಟಿ ನೀಲಿಗಟ್ಟುವುದು, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಹೊಸದಾಗಿ ಮಂಕು ಅಥವಾ ಗೊಂದಲ, ಕಫದಲ್ಲಿ ರಕ್ತ, ನೀರೂ ಒಳಗೆ ನಿಲ್ಲದಿರುವುದು. ಇವುಗಳಲ್ಲಿ ಒಂದು ಕಂಡರೂ ಅಂಕ ಬರೆಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಆಕ್ಸಿಮೀಟರ್ ಎಂದಿಗಿಂತ ಕೆಳಗಿಳಿದು 92ಕ್ಕಿಂತ ಕಡಿಮೆ ತೋರಿಸುತ್ತಿದ್ದರೂ ಅಷ್ಟೇ. ಹಿರಿಯರಲ್ಲಿ ಜ್ವರವೇ ಬಾರದೆ ಬರೀ ಗೊಂದಲವೋ ಊಟ ಬಿಡುವುದೋ ಕಾಯಿಲೆ ಮರುಕಳಿಸಿದ್ದರ ಮೊದಲ ಸೂಚನೆಯಾಗಿರಬಹುದು.

ಐದು ವರ್ಷದೊಳಗಿನ ಮಕ್ಕಳಿಗೆ ಈ ಕ್ರಮ ಹೊಂದುವುದಿಲ್ಲ. ಅವರ ಪಕ್ಕೆ ಒಳಸೇದುವುದು, ವೇಗದ ಉಸಿರು, ಹಾಲು ಬಿಡುವುದನ್ನು ದೊಡ್ಡವರೇ ಗಮನಿಸಿ ಕೂಡಲೇ ವೈದ್ಯರಿಗೆ ತೋರಿಸಬೇಕು.

ಹಂತ 8: ವೈದ್ಯರ ಮುಂದೆ ಒಂದು ನಿಮಿಷ

ಇಡೀ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟರೆ ಯಾರೂ ಓದುವುದಿಲ್ಲ. ಹಿಂದಿನ ರಾತ್ರಿ ಒಂದು ಹಾಳೆ ಸಿದ್ಧಮಾಡಿ. ಚಿಕಿತ್ಸೆಯ ಎಷ್ಟನೇ ದಿನ, ಕಾಯಿಲೆಗೆ ಮೊದಲಿನ ಅಂಕಗಳು, ಮೊದಲ ವಾರದ ಅಂಕಗಳು, ಇಂದಿನ ಅಂಕಗಳು, ಮೂರು ಕೆಲಸಗಳ ಸ್ಥಿತಿ. ಕೊನೆಯಲ್ಲಿ ಒಂದೇ ಪ್ರಶ್ನೆ. ಉದಾಹರಣೆಗೆ: ‘ಡಾಕ್ಟರೇ, ಇದು 43ನೇ ದಿನ. ಕೆಮ್ಮು ಹೋಯಿತು, ಏದುಸಿರು ಮೂರು ವಾರದಿಂದ 3ರಲ್ಲೇ ನಿಂತಿದೆ. ಮೊದಲು ಸೊನ್ನೆ ಇತ್ತು. ಮುಂದೇನು ನೋಡಬೇಕು?’ ಹೀಗೆ ಕೇಳಿದವರಿಗೆ ‘ಸರಿಹೋಗುತ್ತದೆ’ ಎಂಬಷ್ಟೇ ಉತ್ತರ ಸಿಗುವುದು ಕಷ್ಟ. ಹೃದಯದ ಪರೀಕ್ಷೆಯೋ ಸಿ.ಟಿ. ಸ್ಕ್ಯಾನೋ ಫಿಜಿಯೋಥೆರಪಿಯೋ ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ.

ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಈ ಅಂಕಗಳನ್ನು ತಮ್ಮ ಪ್ರಬಂಧಕ್ಕೆ ಬಳಸಬಹುದೇ ಎಂದು ಕೇಳುತ್ತಿರುತ್ತಾರೆ. ಬಳಸಬಾರದು. ಅಧ್ಯಯನಕ್ಕೆ ಮೂಲ ಪ್ರಶ್ನಾವಳಿಯ ಹಕ್ಕುದಾರರ ಅನುಮತಿ ಬೇಕು. ಇಬ್ಬರು ಸ್ವತಂತ್ರವಾಗಿ ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸಬೇಕು, ಆಮೇಲೆ ಕೆಲವು ರೋಗಿಗಳನ್ನು ಕೂರಿಸಿಕೊಂಡು ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?’ ಎಂದು ಕೇಳಿ ಪರೀಕ್ಷಿಸಬೇಕು. ಬೀದರಿನಲ್ಲೂ ಮಂಗಳೂರಿನಲ್ಲೂ ಒಂದೇ ಪ್ರಶ್ನೆ ಒಂದೇ ರೀತಿ ಅರ್ಥವಾಗುತ್ತದೆ ಎಂದು ಮೊದಲೇ ನಂಬಿಕೊಂಡು ಹೊರಡಬೇಡಿ.

ಪುಸ್ತಕ ಯಾವಾಗ ನಿಲ್ಲಿಸಬಹುದು?

ಎಲ್ಲ ಸಾಲುಗಳೂ ಎರಡನೇ ಹಂತದ ಪುಟಕ್ಕೆ ಮರಳಿ, ಮೂರು ಕೆಲಸಗಳ ಮುಂದೆಯೂ ‘ಮಾಡಿದೆ’ ಎಂದು ಬಿದ್ದು, ಮುಂದಿನ ಸಲವೂ ಹಾಗೆಯೇ ಇದ್ದರೆ ಸಾಕು. ಆರು ತಿಂಗಳಾದರೂ ಒಂದೇ ಒಂದು ಸಾಲು ಹಠ ಹಿಡಿದು ಕೂತಿದ್ದರೆ ಅದೊಂದನ್ನೇ ಹಿಡಿದು ಶ್ವಾಸರೋಗ ತಜ್ಞರನ್ನು ಕಾಣಿ. ಆ ಭೇಟಿಯಲ್ಲೇ ನ್ಯುಮೋಕಾಕಲ್ ಮತ್ತು ಫ್ಲೂ ಲಸಿಕೆ ನಿಮಗೆ ಬೇಕೇ ಎಂದೂ ಕೇಳಿ.

ಎಲ್ಲ ಅಂಕಗಳೂ ಸೊನ್ನೆಯಾದರೂ ಒಂದು ಗುಂಪಿನವರಿಗೆ ಇಷ್ಟೇ ಸಾಲದು. 50 ದಾಟಿದವರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು ಅಥವಾ ಹಿಂದೆ ಸೇದಿ ಬಿಟ್ಟವರು, ಸುಮಾರು ಆರು ವಾರಕ್ಕೆ ಎದೆಯ ಎಕ್ಸ್-ರೇ ತೆಗೆಸಬೇಕು ಎಂಬುದು ಬ್ರಿಟನ್ನಿನ ಎದೆರೋಗ ತಜ್ಞರ ಸಂಘದ ಸಲಹೆ. ನ್ಯುಮೋನಿಯಾದ ನೆರಳಿನ ಹಿಂದೆ ಗಡ್ಡೆಯೊಂದು ಅಡಗಿರುವ ಸಾಧ್ಯತೆ ಇವರಲ್ಲಿ ಹೆಚ್ಚು. ಅಂಥ ಗಡ್ಡೆ ಆರಂಭದಲ್ಲಿ ನೋಯಿಸುವುದೂ ಇಲ್ಲ, ಕೆಮ್ಮಿಸುವುದೂ ಇಲ್ಲ, ಆದ್ದರಿಂದ ಈ ಪುಸ್ತಕದ ಯಾವ ಸಾಲಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. ಆರನೇ ವಾರದ ಪುಟದ ಮೇಲ್ಭಾಗದಲ್ಲಿ ‘ಎಕ್ಸ್-ರೇ’ ಎಂದು ಈಗಲೇ ಬರೆದಿಟ್ಟುಕೊಳ್ಳಿ.